ನ್ಯೂಜೆರ್ಸಿಯಲ್ಲಿ ಕರಗಿದ್ದು ರಾಯಚೂರಲ್ಲಿ ಯಾಕ ಕರಗಲಿಲ್ಲ: ಒಣಗಣ್ಣಿನ ಒಂದು ಪ್ರಕರಣ

ಜನವರಿ ಕೊನಿ ವಾರ, ಸಂಕ್ರಾಂತಿ ಮುಗಿದು ಹತ್ತು ದಿನ ಆಗಿತ್ತೇನೋ, ಗಂಜ್ ಕಡೆಯಿಂದ ಒಬ್ರು ರಿಟೈರ್ಡ್ ಟೀಚರ್ ನಮ್ಮ ಕಣ್ಣಿನ ಕ್ಲಿನಿಕ್ಕಿಗೆ ಬಂದ್ರು. 63 ವಯಸ್ಸು, ಯಜಮಾನ್ರು ತೀರಿಕೊಂಡಾರ, ಒಬ್ಬಾಕಿ ಮಗಳು, ಆಕಿ ನ್ಯೂಜೆರ್ಸಿಯಲ್ಲಿ. ಸೆರಗಿನ ತುದಿ ಕೈಯಾಗ ಹಿಡ್ಕೊಂಡು ಎರಡು ನಿಮಿಷಕ್ಕೊಮ್ಮೆ ಕಣ್ಣಿಗೆ ಒತ್ಕೊಳ್ತಿದ್ರು. ಕುಂತ ಕೂಡ್ಲೇ ಬ್ಯಾಗಿಂದ ಒಂದು ಡಬ್ಬಿ ತೆಗೆದು ನನ್ನ ಟೇಬಲ್ ಮ್ಯಾಲ ಇಟ್ಟು, "ಯಪ್ಪಾ, ಇದು ಅಲ್ಲಿ ಕರಗ್ತಿತ್ತು, ಇಲ್ಲಿ ಕರಗವಲ್ದು. ಇದು ಕೆಟ್ಟೈತೋ ನನ್ನ ಕಣ್ಣು ಕೆಟ್ಟೈತೋ ನೋಡು" ಅಂದ್ರು.

ನಾನು ಆಪ್ಟೋಮೆಟ್ರಿಸ್ಟ್. ನಂಬರ್ ನೋಡೋದು, ಟೆಸ್ಟ್ ಮಾಡೋದು, ಬರೆದು ಡಾಕ್ಟರ್ ಮೇಡಂ ಮುಂದ ಇಡೋದು ನನ್ನ ಕೆಲಸ. ಟೀಚರಮ್ಮ ಕೇಳಿದ ಆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡಾಕ ನಮಗ ಎರಡು ತಿಂಗಳ ಮ್ಯಾಲ ಹಿಡೀತು, ಅದ್ರಾಗ ಒಂದು ತಿಂಗಳು ನಾನು ನೋಡಬೇಕಾದ್ದು ನೋಡದೇ ಕಳೆದದ್ದು. ಅದಕ್ಕ ಪೂರ್ತಿ ಬರೀಲಿಕತ್ತೀನಿ. ಅವ್ರ ಒಪ್ಪಿಗಿ ತಗೊಂಡೀನಿ, ಹೆಸರು ಬ್ಯಾಡ ಅಂದ್ರು, ಹಾಕಿಲ್ಲ.

ಡಬ್ಬಿಯಾಗ ಇದ್ದದ್ದು ಲ್ಯಾಕ್ರಿಸರ್ಟ್. ಹೆಸರು ಕೇಳಿದ್ದೆ, ಓದಿದ್ದೆ, ಕೈಯಾಗ ಹಿಡಿದು ನೋಡಿದ್ದು ಅವತ್ತೇ ಮೊದ್ಲು. ಡ್ರಾಪ್ಸ್ ಅಲ್ಲ, ಮುಲಾಮು ಅಲ್ಲ, ಕೆಳಗಿನ ರೆಪ್ಪಿ ಒಳಗ ಇಡೋ ಒಂದು ಸಣ್ಣ ಕಡ್ಡಿ. ಉದ್ದ 3.5 ಮಿಲಿಮೀಟರ್, ದಪ್ಪ 1.27 ಮಿಲಿಮೀಟರ್. ಒಣ ಶ್ಯಾವಿಗಿ ಮುರಿದಾಗ ಕೆಳಗ ಬೀಳ್ತಾವಲ್ಲ ಚೂರು, ಥೇಟ್ ಅಷ್ಟೇ ಮತ್ತು ಹಂಗೇ ಕಾಣ್ತೈತಿ. ಪೂರ್ತಿ 5 ಮಿಲಿಗ್ರಾಂ ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್, ಬ್ಯಾರೆ ಏನೂ ಇಲ್ಲ, ಕೆಡದಂಗ ಹಾಕೋ ಪ್ರಿಸರ್ವೇಟಿವ್ ಸುದ್ದಾ ಇಲ್ಲ. ಒಂದು ಪ್ಯಾಕಿನಾಗ 60 ಕಡ್ಡಿ, ಒಂದೊಂದೂ ಬ್ಯಾರೆ ಬ್ಯಾರೆ ಫಾಯಿಲ್ ಒಳಗ, ಜೊತಿಗೆ ತೊಳೆದು ಮತ್ತ ಮತ್ತ ಬಳಸೋ ಎರಡು ಪ್ಲಾಸ್ಟಿಕ್ ಅಪ್ಲಿಕೇಟರ್. ದಿನಕ್ಕ ಕಣ್ಣಿಗೊಂದು ಅಂದ್ರ ಒಂದು ಪ್ಯಾಕ್ ಒಂದು ತಿಂಗಳು ಬರ್ತೈತಿ. ಈ ಲೆಕ್ಕ ನೆನಪಿಟ್ಕೊಳ್ರಿ, ಮುಂದ ಬೇಕಾಗ್ತೈತಿ.

ಇದು ಕೆಲಸ ಮಾಡೋ ರೀತಿ ಡ್ರಾಪ್ಸಿಗಿಂತ ಬ್ಯಾರೆ. ನಮ್ಮ ಕಣ್ಣೀರು ಬರೇ ನೀರಲ್ಲ, ಕಣ್ಣಿಗೆ ಅಂಟ್ಕೊಂಡು ಲೋಳಿ, ಅದರ ಜೊತಿ ನೀರು, ಎಲ್ಲಕ್ಕಿಂತ ಮ್ಯಾಲ ರೆಪ್ಪಿ ಅಂಚಿನ ಗ್ರಂಥಿಗಳಿಂದ ಬರೋ ತೆಳ್ಳನ ಎಣ್ಣಿ. ನೀರು ಕಡಿಮಿ ಆದ್ರೂ ಒಣಗ್ತೈತಿ, ಎಣ್ಣಿ ಕೆಟ್ರೂ ನೀರು ಬ್ಯಾಗ ಆರಿಹೋಗಿ ಒಣಗ್ತೈತಿ. ಡ್ರಾಪ್ಸ್ ಹಾಕಿದ್ರ ಸ್ವಲ್ಪ ಹೊತ್ತು ಹಿತ, ಆಮ್ಯಾಲ ಅದು ಮೂಗಿನ ಕಡಿ ನಾಳದಾಗ ಹರಿದುಹೋಗ್ತೈತಿ. ಈ ಕಡ್ಡಿ ರೆಪ್ಪಿ ತಳದಾಗ ಕುಂತು, ಅಲ್ಲಿರೋ ಕಣ್ಣೀರನ್ನೇ ಹೀರ್ಕೊಂಡು ಮೆತ್ತಗಾಗಿ, ನಿಧಾನಕ್ಕ ದಿನಾ ಪೂರ್ತಿ ಕರಗ್ತಾ ಕಣ್ಣೀರಿಗೆ ಗಟ್ಟಿತನ ಕೊಡ್ತೈತಿ, ಕಣ್ಣೀರಿನ ಪರದಿ ಲಗೂನ ಒಡೆಯಂಗಿಲ್ಲ. ಹೊಸ ಕಣ್ಣೀರು ಇದು ಹುಟ್ಟಸಂಗಿಲ್ಲ, ಇದ್ದದ್ದನ್ನ ನಿಲ್ಲಸ್ತೈತಿ. ಕರಗಾಕ ಕಣ್ಣೀರು ಬೇಕು ಅನ್ನೋದೇ ಈ ಪ್ರಕರಣದ ಅರ್ಧ ಉತ್ತರ, ಆದ್ರ ಅವತ್ತು ಅದು ನನಗ ಹೊಳೀಲಿಲ್ಲ.

ಹಿಂದಿನ ಕಥಿ ಹಿಂಗಿತ್ತು. ಹಿಂದಿನ ವರ್ಷ ಯುಗಾದಿ ಮುಗಿಸ್ಕೊಂಡು ಮಗಳ ಹತ್ರ ಹೋಗಿ ಆರು ತಿಂಗಳು ಇದ್ದು ದಸರಾ ಹೊತ್ತಿಗೆ ವಾಪಸ್ ಬಂದಾರ. ಕಣ್ಣಾಗ ಮರಳು ಹೊಕ್ಕಂಗ ಆಗೋದು, ಮುಂಜಾನೆ ರೆಪ್ಪಿ ಬಿಡಸಾಕ ಬರದಂಗ ಆಗೋದು ಮೊದ್ಲಿಂದ ಇತ್ತು, ಎರಡು ಕಣ್ಣಿಗೂ ಪೊರಿ ಆಪರೇಷನ್ ಆದಮ್ಯಾಲ ಜಾಸ್ತಿ ಆಗಿತ್ತು. ಅಲ್ಲಿ ಕಣ್ಣಿನ ಡಾಕ್ಟ್ರಿಗೆ ತೋರ್ಸಿದಾಗ, ಡ್ರಾಪ್ಸ್ ಸಾಲಂಗಿಲ್ಲ ಅಂತ ಈ ಕಡ್ಡಿ ಬರೆದುಕೊಟ್ರು. ದಿನಾ ಮುಂಜಾನೆ ಮಗಳು ಆಫೀಸಿಗೆ ಹೋಗೋಕಿಂತ ಮೊದ್ಲು ತಾಯಿನ್ನ ಕುರ್ಚಿ ಮ್ಯಾಲ ಕುಂದ್ರಿಸಿ ಹಾಕಿ ಹೋಗ್ತಿದ್ಲಂತ. ಮೂರು ವಾರಕ್ಕ ಹಿತ ಆಯ್ತು ಅಂದ್ರು, ಅದು ಸರಿನೂ ಐತಿ, ಇದರ ಪೂರ್ತಿ ಫಲ ಕಾಣಾಕ ಕೆಲವು ವಾರ ಬೇಕೇ ಬೇಕು. ಬರೋವಾಗ ಎರಡು ಪ್ಯಾಕ್ ಪ್ರಿಸ್ಕ್ರಿಪ್ಷನ್ ಜೊತಿ ತಂದಿದ್ರು.

ಮೊದಲ ದಿನ ನಾನು ಮಾಡಿದ ಟೆಸ್ಟು ಬರೀತೀನಿ. ದೃಷ್ಟಿ ಎರಡೂ ಕಣ್ಣು 6/9, ಪೂರ್ತಿ ಚೊಲೊ ಅಂದ್ರ 6/6. ಫ್ಲೋರಸೀನ್ ಬಣ್ಣ ಹಾಕಿ ಸ್ಲಿಟ್ ಲ್ಯಾಂಪಿನಾಗ ನೋಡಿದ್ರ ಕಣ್ಣೀರಿನ ಪರದಿ ಮೂರು ಸೆಕೆಂಡಿಗೆ ಒಡೀತಿತ್ತು, 10 ಸೆಕೆಂಡಾದ್ರೂ ನಿಲ್ಲಬೇಕು. ಕಾರ್ನಿಯಾ ಅಂದ್ರ ಕಣ್ಣಿನ ಮುಂದಿನ ಗಾಜಿನಂಥ ಪದರ, ಅದರ ಕೆಳಭಾಗದಾಗ ಹಸಿರು ಚುಕ್ಕಿ ಚುಕ್ಕಿ, ಎಡಗಣ್ಣಿನಾಗ ಜಾಸ್ತಿ. ಶರ್ಮರ್ ಟೆಸ್ಟ್ ಅಂದ್ರ ಸಣ್ಣ ಕಾಗದದ ಪಟ್ಟಿ ಕೆಳಗಿನ ರೆಪ್ಪಿಗೆ ಸಿಗಿಸಿ ಐದು ನಿಮಿಷದಾಗ ಎಷ್ಟು ಒದ್ದಿ ಆಗ್ತೈತಿ ನೋಡೋದು, ಅದು ಬಲಗಣ್ಣು 4 ಮಿಲಿಮೀಟರ್, ಎಡಗಣ್ಣು 2. ಐದರ ಕೆಳಗ ಅಂದ್ರ ತೀರಾ ಒಣ. ಒಣಗಣ್ಣಿನ ತ್ರಾಸು ಅಳಿಯೋ ಪ್ರಶ್ನಾವಳಿ ಒಂದೈತಿ, ಓಎಸ್‌ಡಿಐ ಅಂತ, 100ಕ್ಕ ಲೆಕ್ಕ, 33 ದಾಟಿದ್ರ ತೀವ್ರ. ಅವ್ರು ಗಾಡಿ ಓಡಸಂಗಿಲ್ಲ ಅಂತ ಆ ಪ್ರಶ್ನೆ ಬಿಟ್ಟು ಉಳಿದ 11ಕ್ಕ ಲೆಕ್ಕ ಹಾಕಿದ್ರ 68 ಬಂತು.

ಮೇಡಂ ನೋಡಿ, ಗಾಯ ಏನಿಲ್ಲ, ಕಡ್ಡಿ ಮುಂದುವರ್ಸ್ರಿ, ಜೊತಿಗೆ ಡ್ರಾಪ್ಸ್ ಹಾಕ್ರಿ ಅಂದ್ರು. ಟೀಚರಮ್ಮ ಮೆಡಿಕಲ್ ಶಾಪಿನಾಗ ಸಿಗೋ ಒಂದು ಸಾದಾ ಡ್ರಾಪ್ಸ್ ದಿನಕ್ಕ ಹತ್ತು ಸಲ ಹಾಕ್ತಿದ್ರು, ಅದ್ರಾಗ ಬೆಂಜಾಲ್ಕೋನಿಯಂ ಕ್ಲೋರೈಡ್ ಅನ್ನೋ ಪ್ರಿಸರ್ವೇಟಿವ್ ಇತ್ತು, ದಿನಕ್ಕ ಹತ್ತು ಸಲ ಅದು ಬಿದ್ರ ಒಣಗಿದ ಕಣ್ಣಿನ ಮ್ಯಾಲಪದರಕ್ಕ ಅದೇ ವಿಷ ಆಗ್ತೈತಿ. ಅದನ್ನ ಬಿಡಿಸಿ ಪ್ರಿಸರ್ವೇಟಿವ್ ಇಲ್ಲದ, ಒಂದೊಂದು ಸಣ್ಣ ಟ್ಯೂಬ್ ಮುರಿದು ಹಾಕೋ ಸಿಎಂಸಿ (ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್) 0.5% ಡ್ರಾಪ್ಸ್ ಕೊಟ್ವಿ. ಅಷ್ಟು ಮಾಡಿ ಕಳ್ಸಿಬಿಟ್ವಿ. ಕಡ್ಡಿ ಹೆಂಗ ಹಾಕ್ತೀರಿ ಅಂತ ಬಾಯಾಗ ಕೇಳಿದ್ದೆ, "ಮಗಳು ತೋರ್ಸಿಕೊಟ್ಟಾಳ, ನಂಗ ಬರ್ತೈತಿ" ಅಂದ್ರು, ನಾನು ಸರಿ ಅಂದೆ. ಅವತ್ತೇ "ಹಾಕಿ ತೋರ್ಸ್ರಿ" ಅಂದಿದ್ರ ಮುಂದಿನ ನೋವು ತಪ್ತಿತ್ತು. ಇದನ್ನ ಈಗಲೂ ನೆನಸ್ಕೊಂಡ್ರ ಮನಸ್ಸಿಗೆ ಚುಚ್ತೈತಿ.

ಶಿವರಾತ್ರಿ ಆಗಿ ಮೂರನೇ ದಿನಕ್ಕ ಎಡಗಣ್ಣು ಮುಚ್ಕೊಂಡೇ ಆಟೋದಾಗ ಬಂದ್ರು. ಬೆಳಕು ನೋಡಾಕ ಆಗವಲ್ದು, ಕಣ್ಣು ಕೆಂಪು, ರೆಪ್ಪಿ ಊದೈತಿ. ಬಣ್ಣ ಹಾಕಿ ನೋಡಿದ್ರ ಕಾರ್ನಿಯಾದ ಕೆಳಗ ಒಂದು ಸಣ್ಣ ಗೀರು, ಉಗುರಿನ ತುದಿಲಿಂದ ಎಳ್ದಂಗ. ರೆಪ್ಪಿ ಕೆಳಗ ಜಗ್ಗಿ ನೋಡಿದೆ, ಕಡ್ಡಿ ಅಲ್ಲೇ ಇತ್ತು, ಮುಂಜಾನೆ ಆರಕ್ಕ ಹಾಕಿದ್ದು, ಆಗ ಹನ್ನೊಂದೂವರೆ, ಇನ್ನೂ ಗಟ್ಟಿ. ಅದೂ ಇರಬೇಕಾದ ಜಾಗದಾಗ ಇರಲಿಲ್ಲ, ರೆಪ್ಪಿ ಅಂಚಿನ ಹಿಂದ ಮ್ಯಾಲಕ್ಕ ಬಂದು ಕಣ್ಣು ಮಿಟುಕಿಸಿದಾಗೆಲ್ಲಾ ಕಾರ್ನಿಯಾಕ್ಕ ತಾಗ್ತಿತ್ತು. ಸಲೈನ್ ಹಾಕಿ ತೊಳೆದು ತೆಗೆದೆ. ತೆಗೆದಾಗ ನೋಡ್ತೀನಿ, ಅದು ಪೂರ್ತಿ ಕಡ್ಡಿ ಅಲ್ಲ, ಅರ್ಧ. ಒಂದು ತುದಿ ನುಣ್ಣಗ ದುಂಡಗ, ಇನ್ನೊಂದು ತುದಿ ಕತ್ತರಿಸಿದ್ದು, ಚೂಪು.

ಕೇಳಿದೆ. ಮೊದ್ಲು ಸುಮ್ಮನಿದ್ರು. ಆಮ್ಯಾಲ ಸಣ್ಣ ದನಿಯಾಗ ಹೇಳಿದ್ರು, ಮಗಳು ಅದಕ್ಕ ಕೊಟ್ಟ ರೊಕ್ಕ ಎಷ್ಟು ಅಂತ ಅಳಿಯ ಫೋನಿನಾಗ ಮಾತಾಡೋದು ಕಿವಿಗೆ ಬಿದ್ದಿತ್ತಂತ, ವಿಸಿಟರ್ ಇನ್ಶೂರೆನ್ಸಿನಾಗ ಅದು ಬರ್ಲಿಲ್ಲಂತ, ಅದಕ್ಕ ಇಲ್ಲಿ ಬಂದಮ್ಯಾಲ ಹೊಸ ಬ್ಲೇಡ್ ತಗೊಂಡು ಒಂದನ್ನ ಎರಡು ಮಾಡಿ ಹಾಕ್ಕೊಳ್ಳಾಕ ಶುರು ಮಾಡಿದ್ರಂತ. "ಅಷ್ಟು ರೊಕ್ಕ ಯಪ್ಪಾ, ಮಗಳಿಗೆ ಎಷ್ಟಂತ ಭಾರ ಆಗ್ಲಿ. ಅರ್ಧ ಮಾಡಿದ್ರ ಎರಡು ತಿಂಗಳು ಬರ್ತೈತಿ ಅಂದ್ಕೊಂಡೆ." ಮೂವತ್ತು ವರ್ಷ ಹಳ್ಳಿ ಶಾಲಿಯಾಗ ಸೀಮೆಸುಣ್ಣದ ತುಂಡು ಸುದ್ದಾ ಎಸೀದೇ ಪಾಠ ಮಾಡಿದವ್ರು. ನಾನು ಏನಂತ ಬೈಲಿ. ಆದ್ರ ಓದೋರಿಗೆ ಖಡಕ್ಕಾಗಿ ಹೇಳಬೇಕು: ಈ ಕಡ್ಡಿ ಕತ್ತರಿಸಬ್ಯಾಡ್ರಿ. ಫಾಯಿಲ್ ಒಡೆದು ಬ್ಲೇಡ್ ತಾಗಿದ ಕ್ಷಣಕ್ಕ ಅದು ಸ್ಟೆರೈಲ್ ಅಲ್ಲ, ಕತ್ತರಿಸಿದ ಅಂಚು ಕಣ್ಣಿಗೆ ಮುಳ್ಳು, ಉಳಿದ ಅರ್ಧ ಡಬ್ಬಿಯಾಗ ಗಾಳಿಗೆ ಕುಂತಿರ್ತೈತಿ.

ಗೀರಿಗೆ ಮೇಡಂ ಆಂಟಿಬಯೋಟಿಕ್ ಡ್ರಾಪ್ಸ್ ಬರೆದ್ರು, ಕಡ್ಡಿ ಪೂರ್ತಿ ಬಂದ್. ಮೂರು ದಿನಕ್ಕ ಗೀರು ಕೂಡಿತು. ಒಂದು ವಾರ ಬಿಟ್ಟು ಬರ್ರಿ, ಬರೋವಾಗ ಕಡ್ಡಿ, ಅಪ್ಲಿಕೇಟರ್, ನೀವು ನೋಡ್ಕೊಂಡು ಹಾಕೋ ಕನ್ನಡಿ, ಎಲ್ಲಾ ತರ್ರಿ, ಜೊತಿಗೆ ನೀವು ತಗೊಳ್ಳೋ ಎಲ್ಲಾ ಗುಳಗಿನೂ ತರ್ರಿ ಅಂದೆ.

ಆ ದಿನ ಈ ಪ್ರಕರಣದಾಗ ನನಗ ಎಲ್ಲಕ್ಕಿಂತ ಮುಖ್ಯ. ಕೈ ತೊಳ್ಕೊಂಡು ಕುಂತ್ರು, ಹಣಚಿ ಡಬ್ಬಿಯಾಗಿನ ಸಣ್ಣ ಕನ್ನಡಿ ಮುಂದ ಇಟ್ಕೊಂಡ್ರು. ಅಪ್ಲಿಕೇಟರ್ ತುದಿಗೆ ಕಡ್ಡಿ ಏರಿಸಿದ್ರು, ಅದು ಚೊಲೊ ಬಂತು. ಆದ್ರ ಕಣ್ಣಿನ ಹತ್ರ ತಂದ ಕೂಡ್ಲೇ ಕೈ ನಡುಗಾಕ ಹತ್ತಿತು. ಕನ್ನಡಿಯಾಗ ಕಾಣಬೇಕಂದ್ರ ಚಾಳೀಸು ಬೇಕು, ಚಾಳೀಸು ಹಾಕ್ಕೊಂಡ್ರ ಕಡ್ಡಿ ಇಡಾಕ ಜಾಗ ಇಲ್ಲ, ತೆಗೆದ್ರ ತನ್ನ ಕಣ್ಣೇ ತನಗ ಕಾಣಂಗಿಲ್ಲ. ರೆಪ್ಪಿ ಅಂಚನ್ನ ಒಂದು ಬೆರಳಿನಾಗ ಸ್ವಲ್ಪೇ ಸ್ವಲ್ಪ ಕೆಳಗ ಒತ್ತಿ, ಕಂಡ ಜಾಗಕ್ಕ ಕಡ್ಡಿ ಇಟ್ಟು, ಗಕ್ಕನೆ ಕಣ್ಣು ಮುಚ್ಚಿ, ಸೆರಗಿನಿಂದ ಒತ್ತಿ ಒರೆಸಿದ್ರು. ಮೂರು ಸಲ ಹಾಕಿಸಿದೆ, ಮೂರು ಸಲನೂ ಮ್ಯಾಲೇ ಕುಂತಿತ್ತು, ಒಂದು ಸಲ ಒರೆಸಿದಾಗ ಸೆರಗಿಗೇ ಅಂಟಿ ಬಂತು. ಅಲ್ಲಿ ಆರು ತಿಂಗಳು ಅವ್ರು ತಾವಾಗಿ ಒಂದು ಸಲನೂ ಹಾಕ್ಕೊಂಡಿರ್ಲಿಲ್ಲ, ಮಗಳ ಕೈಯೇ ಅದು. ಇಲ್ಲಿ ಆ ಕೈ ಇಲ್ಲ. ಔಷಧಿ ಅದೇ, ಕಣ್ಣು ಅದೇ, ಹಾಕೋ ಕೈ ಬ್ಯಾರೆ.

ಸರಿಯಾದ ಜಾಗ ಅಂದ್ರ ಕೆಳಗಿನ ರೆಪ್ಪಿ ಮತ್ತು ಕಣ್ಣುಗುಡ್ಡಿ ನಡುವಿನ ಚೀಲದ ತಳ. ರೆಪ್ಪಿ ಒಳಗ ಒಂದು ಗಟ್ಟಿ ಪಟ್ಟಿ ಇರ್ತೈತಿ, ಕಡ್ಡಿ ಆ ಪಟ್ಟಿಯ ಮಟ್ಟದಾಗ ನಿಲ್ಲಬಾರದು, ಅದಕ್ಕೂ ಕೆಳಗ ಹೋಗಬೇಕು, ಕಾರ್ನಿಯಾಕ್ಕ ತಾಗಬಾರದು. ಹೆಬ್ಬೆರಳು ತೋರುಬೆರಳಿನಾಗ ರೆಪ್ಪಿಯನ್ನ ಹಗುರಕ ಹಿಡಿದು ಮುಂದಕ್ಕ ಜಗ್ಗಿದ್ರ ಒಂದು ಜೇಬು ಆಗ್ತೈತಿ, ಅದರ ತಳಕ್ಕ ಇಟ್ಟು, ಕೆಳಗ ನೋಡ್ತಾ ರೆಪ್ಪಿ ಬಿಟ್ಟು, ಅಪ್ಲಿಕೇಟರ್ ತೆಗೆದು ಕಣ್ಣು ಮುಚ್ಚಬೇಕು. ಕಡ್ಡಿ ಮ್ಯಾಲ ಬಂದಂಗ ಅನಿಸಿದ್ರ ಮುಚ್ಚಿದ ರೆಪ್ಪಿ ಮ್ಯಾಲಿಂದ ಬೆರಳಿನಾಗ ಮೆತ್ತಗ ಕೆಳಗ ಸರಿಸಬಹುದು, ಉಜ್ಜಬಾರದು. ಉಜ್ಜೋದು ಒಂದು ಬಿಟ್ರ ಅರ್ಧ ತ್ರಾಸು ಕಡಿಮಿ, ಆದ್ರ ಕಣ್ಣು ಚುರುಚುರು ಅನ್ನೋವಾಗ ಉಜ್ಜಬ್ಯಾಡ ಅನ್ನೋದು ಹೇಳೋವಷ್ಟು ಸುಲಭ ಅಲ್ಲ, ಅದು ನನಗ ಗೊತ್ತು.

ಇನ್ನ ಕರಗದೇ ಇರೋ ಮಾತು. ನಾನು ಸರಿಯಾದ ಜಾಗದಾಗ ಕೂಡಿಸಿ ಹೊರಗ ಬೆಂಚಿನ ಮ್ಯಾಲ ಕುಂದ್ರಿಸಿದೆ, ಎರಡು ತಾಸು ಬಿಟ್ಟು ನೋಡಿದ್ರ ಬಲಗಣ್ಣಿನದ್ದು ಮೆತ್ತಗಾಗಿ ಸುತ್ತ ಜೆಲ್ ಕಟ್ಟಿತ್ತು, ಎಡಗಣ್ಣಿನದ್ದು ಹೆಚ್ಚು ಕಡಿಮಿ ಹಂಗೇ ಕುಂತಿತ್ತು. ಶರ್ಮರ್ 2 ಮಿಲಿಮೀಟರ್ ಇದ್ದ ಕಣ್ಣು ಅದು, ಎಲ್ಲಿಂದ ನೀರು ತಂದು ಕರಗಿಸೀತು. ಅವ್ರು ನ್ಯೂಜೆರ್ಸಿಯಲ್ಲಿ ಇದ್ದದ್ದು ಅಲ್ಲಿಯ ಬ್ಯಾಸಗಿ, ಗಾಳಿಯಾಗ ತೇವ ಇರೋ ಕಾಲ. ನಮ್ಮ ರಾಯಚೂರು ಕೃಷ್ಣಾ ತುಂಗಭದ್ರಾ ಎರಡು ನದಿ ನಡುವ ಇದ್ರೂ ಫೆಬ್ರವರಿ ದಾಟಿದ್ರ ಗಾಳಿಯಾಗ ತೇವ ಅನ್ನೋದು ಉಳಿಯಂಗಿಲ್ಲ, ಹಸಿ ಬಟ್ಟಿ ಹರವಿದ್ರ ಅರ್ಧ ತಾಸಿಗೆ ಖಡಕ್. ಅಕ್ಟೋಬರ್, ನವೆಂಬರಿನಾಗ ಅಷ್ಟು ತ್ರಾಸು ಇರ್ಲಿಲ್ಲ ಅಂತ ಅವ್ರೇ ಹೇಳಿದ್ರು, ಅವಾಗ ನಾವು ಇದನ್ನ ಜೋಡಿಸಿ ನೋಡಬೇಕಿತ್ತು. ಮ್ಯಾಲ ರಾತ್ರಿ ಹಗಲು ನೆತ್ತಿ ಮ್ಯಾಲೇ ಫ್ಯಾನ್, ಗಂಜಿನ ಹತ್ತಿ ಧೂಳು. ಗುಳಗಿ ಚೀಲ ತೆಗೆಸಿದ್ರ, ಸೀನು ಬರ್ತಾವಂತ ಮೆಡಿಕಲ್ ಶಾಪಿನಾಗ ತಾವೇ ಕೇಳಿ ತಗೊಂಡು ವರ್ಷಗಟ್ಟಲೆ ನುಂಗ್ತಿದ್ದ ಸಿಪಿಎಂ (ಕ್ಲೋರ್‌ಫೆನಿರಮೈನ್) ಅನ್ನೋ ಅಲರ್ಜಿ ಗುಳಗಿ ಇತ್ತು. ಮೂಗಿನ ನೀರು ಆರಿಸೋ ಗುಳಗಿ ಕಣ್ಣಿನ ನೀರೂ ಆರಿಸ್ತೈತಿ.

ಮೇಡಂ ಹೇಳಿದ ಉಪಾಯ ಸಾದಾ. ಕಡ್ಡಿ ಹಾಕಿದ ಮ್ಯಾಲ ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಒಂದು ಹನಿ, ಒಂದು ತಾಸು ಬಿಟ್ಟು ಇನ್ನೊಂದು, ಮಧ್ಯಾಹ್ನ ಒಂದು. ಕರಗಾಕ ಬೇಕಾದ ನೀರು ಹೊರಗಿಂದ ಕೊಡೋದು. ಅವತ್ತೇ ಎಡಗಣ್ಣಿಗೆ ಮಾಡಿ ನೋಡಿದ್ವಿ, ಸಂಜಿಕ ಫೋನ್ ಮಾಡಿ "ಮೆತ್ತಗಾಗೈತಿ ಯಪ್ಪಾ, ಚುಚ್ಚವಲ್ದು" ಅಂದ್ರು.

ಆದ್ರ ಇಷ್ಟಕ್ಕೇ ಮುಗಿಸಿದ್ರ ತಪ್ಪಾಗ್ತಿತ್ತು, ಯಾಕಂದ್ರ ಕಣ್ಣು ಇಷ್ಟು ಯಾಕ ಒಣಗೈತಿ ಅನ್ನೋದನ್ನ ಅಲ್ಲಿತನಕ ಯಾರೂ ಕೇಳಿರ್ಲಿಲ್ಲ. ಅದು ಹೊರಬಿದ್ದದ್ದು ಮಾತಿನಾಗ. ಬೆಂಚಿನ ಮ್ಯಾಲ ಕಾಯೋವಾಗ ಮಧ್ಯಾಹ್ನ ಆತು, ನಮ್ಮ ಆಯಾ ತನ್ನ ಡಬ್ಬಿಯಾಗಿನ ಜ್ವಾಳದ ರೊಟ್ಟಿ ಕೊಟ್ಲು. ಟೀಚರಮ್ಮ ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡೀತಿದ್ರು. ಖಡಕ್ ರೊಟ್ಟಿ ಅಲ್ಲ, ಮೆತ್ತನ ರೊಟ್ಟಿ, ಪಲ್ಯದ ಜೊತಿ. ಯಾಕ್ರಿ ಅಂದ್ರ ಎರಡು ವರ್ಷ ಆತು, ಬಾಯಾಗ ಜೊಲ್ಲೇ ಬರಂಗಿಲ್ಲ, ನೀರಿಲ್ಲದೇ ರೊಟ್ಟಿ ಗಂಟಲಾಗ ಇಳಿಯಂಗಿಲ್ಲ ಅಂದ್ರು. ರಾತ್ರಿ ಎದ್ದೆದ್ದು ನೀರು ಕುಡೀತಾರಂತ, ಶುಗರ್ ಅಂತ ಎರಡು ಸಲ ಟೆಸ್ಟ್ ಮಾಡ್ಸಿದ್ರ ಶುಗರ್ ಇಲ್ಲ. ನಾಕು ಹಲ್ಲು ಹುಳುಕಾಗಿ ಕೀಳ್ಸಿದ್ದಾರ. ಬೆರಳ ಸಂದು ಮುಂಜಾನೆ ಹಿಡ್ಕೊಂಡಿರ್ತಾವ. ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣಾಗ ನೀರು ಬರ್ತಾವೇನು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು, "ಉಳ್ಳಾಗಡ್ಡಿ ಬಿಡು, ಹೋದ ವರ್ಷ ನಮ್ಮಣ್ಣ ತೀರಿಕೊಂಡಾಗ ಒಂದು ಹನಿ ಬರ್ಲಿಲ್ಲ. ಒಳಗ ಕರುಳು ಕಿತ್ತು ಬರ್ತಿತ್ತು, ಕಣ್ಣು ಒಣಾ. ಮಂದಿ ನನ್ನ ಮಾರಿ ನೋಡಿದ್ರು."

ಕಣ್ಣು ಒಣ, ಬಾಯಿ ಒಣ, ಸಂದು ನೋವು, ನಡುವಯಸ್ಸು ದಾಟಿದ ಹೆಣ್ಮಗಳು. ಮೇಡಂಗೆ ಹೇಳಿದ ಕೂಡ್ಲೇ ಅವ್ರು ಶೋಗ್ರೆನ್ ಇರಬಹುದು ಅಂದ್ರು. ಸ್ವೀಡನ್ನಿನ ಕಣ್ಣಿನ ಡಾಕ್ಟ್ರು ಹೆನ್ರಿಕ್ ಶೋಗ್ರೆನ್ 1933ರಾಗ ವಿವರವಾಗಿ ಬರೆದ ರೋಗ ಇದು, ಅವ್ರ ಹೆಸರೇ ಬಂದೈತಿ. ನಮ್ಮ ಮೈಯ ಕಾವಲು ಪಡೆನೇ ತಿರುಗಿಬಿದ್ದು ಕಣ್ಣೀರಿನ ಗ್ರಂಥಿ, ಜೊಲ್ಲಿನ ಗ್ರಂಥಿಗಳ ಮ್ಯಾಲ ದಾಳಿ ಮಾಡ್ತೈತಿ. ಗಂಡಸರಿಗಿಂತ ಹೆಂಗಸರಿಗೆ ಬಾಳ ಜಾಸ್ತಿ ಬರ್ತೈತಿ, ಹತ್ತು ಮಂದಿಯಾಗ ಸುಮಾರು ಒಂಬತ್ತು ಮಂದಿ ಹೆಂಗಸರೇ. ರಕ್ತದಾಗ ಆಂಟಿ-ರೋ ಅನ್ನೋ ಆಂಟಿಬಾಡಿ ನೋಡ್ಸಿದ್ವಿ, ಪಾಸಿಟಿವ್ ಬಂತು. ಸಂದಿನ ರೋಗದ ಸ್ಪೆಷಲಿಸ್ಟ್ ಹತ್ರ ಹೈದರಾಬಾದಿಗೆ ಹೋಗಿ ಬರ್ರಿ ಅಂದ್ವಿ, ನಮ್ಮ ಕಡಿ ಮಂದಿಗೆ ದೊಡ್ಡ ದವಾಖಾನಿ ಅಂದ್ರ ಬೆಂಗಳೂರಿಗಿಂತ ಅದೇ ಸಮೀಪ. ತಮ್ಮನ ಮಗ ಕರ್ಕೊಂಡು ಹೋದ. ಅಲ್ಲಿ ಶೋಗ್ರೆನ್ ಅಂತ ಪಕ್ಕಾ ಮಾಡಿ ಸಂದು ನೋವಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಶುರು ಮಾಡಿದ್ರು. ಆ ಗುಳಗಿ ವರ್ಷಗಟ್ಟಲೆ ತಗೊಂಡ್ರ ಕಣ್ಣಿನ ಹಿಂದಿನ ಪದರ ರೆಟಿನಾಕ್ಕ ಪೆಟ್ಟು ಬೀಳೋ ಸಾಧ್ಯತೆ ಐತಿ, ಅದಕ್ಕ ಶುರುವಿನಾಗೇ ನಾವು ರೆಟಿನಾ ತಪಾಸಣಿ ಮಾಡಿ ಫೈಲಿನಾಗ ಇಟ್ಟೀವಿ. ಈ ರೋಗದವ್ರಿಗೆ ಲಿಂಫೋಮಾ ಅನ್ನೋ ಕ್ಯಾನ್ಸರಿನ ಅಪಾಯ ಬ್ಯಾರೆಯವ್ರಿಗಿಂತ ಜಾಸ್ತಿ, ಕೆನ್ನಿ ಹಿಂದ ಗ್ರಂಥಿ ಊದಿ ಹಂಗೇ ಉಳಿದ್ರ ತಡ ಮಾಡಬಾರದು ಅಂತಾನೂ ಅವ್ರಿಗೆ ತಿಳಿಸಿ ಹೇಳ್ಯಾರ.

ಕಣ್ಣಿಗೆ ಮೇಡಂ ಸೈಕ್ಲೋಸ್ಪೋರಿನ್ 0.05% ಡ್ರಾಪ್ಸ್ ದಿನಕ್ಕ ಎರಡು ಸಲ ಶುರು ಮಾಡಿದ್ರು. ಅದು ಒಳಗಿನ ಉರಿಯೂತ ತಗ್ಗಿಸ್ತೈತಿ, ಆದ್ರ ತಿಂಗಳಾನುಗಟ್ಟಲೆ ಬೇಕು, ಹಾಕಿದಾಗ ಉರೀತೈತಿ, ಬಾಳ ಮಂದಿ ಅದಕ್ಕೇ ಬಿಟ್ಟುಬಿಡ್ತಾರ. ಸಿಪಿಎಂ ಬಂದ್ ಆತು. ರೆಪ್ಪಿಗೆ ಬಿಸಿನೀರ ಬಟ್ಟಿ ಶಾಖ ದಿನಾ. ಫ್ಯಾನ್ ನೆತ್ತಿ ಮ್ಯಾಲಿಂದ ಬಿಟ್ಟು ಮಂಚ ಗ್ವಾಡಿ ಕಡಿ ಸರಿಸಿದ್ರು.

ಕಡ್ಡಿ ಹಾಕೋರು ಯಾರು ಅನ್ನೋದು ಉಳೀತು. ಪಕ್ಕದ ಮನಿಯಾಗ ಒಬ್ಬಾಕಿ ಪಿಯುಸಿ ಓದೋ ಹುಡುಗಿ, ಟೀಚರಮ್ಮನ ಹತ್ರ ದಿನಾ ಮುಂಜಾನೆ ಇಂಗ್ಲಿಷ್ ಗ್ರಾಮರ್ ಹೇಳಿಸ್ಕೊಳ್ಳಾಕ ಬರ್ತಾಳ. ಆಕಿನ್ನ ಕರ್ಕೊಂಡು ಬರ್ರಿ ಅಂದೆ. ಆಕಿ ಅವ್ವನೂ ಜೊತಿ ಬಂದ್ರು. ಎರಡು ದಿನ ಕಲಿಸಿದೆ. ಮೊದ್ಲು ಕೈ ಸೋಪು ಹಚ್ಚಿ ತೊಳೀಬೇಕು, ಅಪ್ಲಿಕೇಟರ್ ಬಿಸಿನೀರಿನಾಗ ತೊಳೆದು ಇಡಬೇಕು, ಫಾಯಿಲ್ ಸುಲಿದು ಅಪ್ಲಿಕೇಟರ್ ತುದಿಯನ್ನೇ ಕಡ್ಡಿ ಮ್ಯಾಲ ಹಗುರಕ ಒತ್ತಿ ಎತ್ತಬೇಕು, ಬೆರಳಿನಾಗ ಮುಟ್ಟಬಾರದು. ಮೊದಲ ದಿನ ಹುಡುಗಿ ಹೆದರಿದ್ಲು, ಎರಡನೇ ದಿನ ನನಗಿಂತ ಚೊಲೊ ಹಾಕಿದ್ಲು. ಈಗ ಮುಂಜಾನೆ ಏಳಕ್ಕ ಬರ್ತಾಳ, ಮೊದ್ಲು ಕಡ್ಡಿ, ಆಮ್ಯಾಲ ಗ್ರಾಮರ್. ಆಕಿ ಪರೀಕ್ಷಾ ಇದ್ದ ದಿನ ಆಕಿ ಅವ್ವ ಹಾಕ್ತಾರ.

ಡಬ್ಬಿ ಇಡೋ ಜಾಗದ ಮಾತೂ ಬಂತು. ಇದನ್ನ 30 ಡಿಗ್ರಿ ಸೆಲ್ಸಿಯಸ್ ಒಳಗ ಇಡಬೇಕು ಅಂತ ಪ್ಯಾಕಿನ ಮ್ಯಾಲೇ ಇರ್ತೈತಿ. ಟೀಚರಮ್ಮ ಮ್ಯಾಲಿನ ಮಾಳಿಗಿ ಕೋಣಿಯ ಅಲಮಾರಿಯಾಗ ಇಟ್ಟಿದ್ರು. ಮಾರ್ಚ್ ಮುಗಿಯೋದ್ರಾಗ ಇಲ್ಲಿ ಬಿಸಿಲು 40ರ ಹತ್ರ ಬರ್ತೈತಿ, ಮಾಳಿಗಿ ಒಳಗ ಇನ್ನೂ ಜಾಸ್ತಿ. ಈಗ ಮುಚ್ಚಳ ಬಿಗಿ ಇರೋ ಡಬ್ಬಿಯಾಗ ಹಾಕಿ ಫ್ರಿಜ್ಜಿನ ಬಾಗಿಲ ಕಡಿ ಇಟ್ಟಾರ, ಫ್ರೀಜರಿನಾಗ ಅಲ್ಲ. ಕತ್ತರಿಸಿ ಉಳಿದಿದ್ದ ತುಂಡುಗಳನ್ನ ನನ್ನ ಮುಂದೇ ಕಸದ ಬುಟ್ಟಿಗೆ ಹಾಕಿಸಿದೆ. ಹಾಕೋವಾಗ ಅವ್ರು ಎಣಿಸಿ ಹಾಕಿದ್ರು.

ತ್ರಾಸು ಪೂರ್ತಿ ಹೋತು ಅಂತ ನಾನು ಹೇಳಂಗಿಲ್ಲ. ಕಡ್ಡಿ ಕರಗಾಕ ಶುರುವಾದ ಮ್ಯಾಲ ಹತ್ತು ಹನ್ನೊಂದು ಗಂಟೆ ಸುಮಾರು ಕಣ್ಣು ಮಂಜಾಗ್ತೈತಿ, ಕಣ್ಣೀರು ದಪ್ಪ ಆಗೋದಕ್ಕ ಹಂಗಾಗೋದು, ಅಳತಿ ಮಾಡಿದ್ರ 6/9 ಇದ್ದದ್ದು ಆ ಹೊತ್ತಿಗೆ 6/12. ಒಂದು ಹನಿ ಡ್ರಾಪ್ಸ್ ಹಾಕಿದ್ರ ತಿಳಿ ಆಗ್ತೈತಿ. ಗಾಡಿ ಓಡಿಸೋರು, ಮಿಲ್ಲು ಮಷೀನಿನ ಮ್ಯಾಲ ಕೆಲಸ ಮಾಡೋರು ಈ ಮಂಜಿನ ಹೊತ್ತಿನಾಗ ಹುಷಾರಿರಬೇಕು. ರೆಪ್ಪಿ ಕೂದಲಿಗೆ ಅಂಟು ಅಂಟು ಆಗ್ತೈತಿ, ಒದ್ದಿ ಹತ್ತಿಯಿಂದ ಒರೆಸ್ಕೊಳ್ತಾರ.

ಮೇ ಕೊನಿಗೆ ಮತ್ತ ಟೆಸ್ಟ್ ಮಾಡಿದೆ, ಬಿಸಿಲು ತಾರಕಕ್ಕ ಇದ್ದ ಕಾಲ. ಶರ್ಮರ್ ಬಲಗಣ್ಣು 5, ಎಡಗಣ್ಣು 3. ಏನೂ ಏರಿಲ್ಲ ಅನ್ನಬಹುದು, ಶೋಗ್ರೆನ್ ಇರೋವ್ರಿಗೆ ಏರಬೇಕಂತ ನಾವು ಆಸೆನೂ ಇಟ್ಟಿರ್ಲಿಲ್ಲ. ಆದ್ರ ಪರದಿ ಒಡೆಯೋ ಹೊತ್ತು ಮೂರು ಸೆಕೆಂಡಿಂದ ಆರಕ್ಕ ಬಂದಿತ್ತು. ಕಾರ್ನಿಯಾದ ಚುಕ್ಕಿ ಬಲಗಣ್ಣಿನಾಗ ಹೋಗಿದ್ವು, ಎಡಗಣ್ಣಿನಾಗ ಕೆಳಗ ನಾಕೈದು ಉಳಿದಿದ್ವು. ಪ್ರಶ್ನಾವಳಿ 68 ಇದ್ದದ್ದು 34. ಅದರಾಗ ಎಷ್ಟು ಪಾಲು ಕಡ್ಡಿಯದ್ದು, ಎಷ್ಟು ಸೈಕ್ಲೋಸ್ಪೋರಿನ್ನಿಂದ, ಎಷ್ಟು ಸಿಪಿಎಂ ಬಿಟ್ಟದ್ದರಿಂದ ಅಂತ ಬಿಡಿಸಿ ಹೇಳಾಕ ಬರಂಗಿಲ್ಲ, ಎಲ್ಲಾ ಕೂಡೇ ಶುರು ಮಾಡಿದ್ವಿ. ಒಂದು ಮಾತ್ರ ಕಣ್ಣಾರೆ ಕಂಡೀನಿ, ಹುಡುಗಿ ಊರಿಗೆ ಹೋಗಿದ್ದ ಐದು ದಿನ ಕಡ್ಡಿ ಬಿಟ್ಟಿದ್ರು, ಆರನೇ ದಿನ ಎಡಗಣ್ಣು ಮತ್ತ ಕೆಂಪಾಗಿತ್ತು.

ರೊಕ್ಕದ ಮಾತು ಮಗಳ ಜೊತಿ ವಿಡಿಯೋ ಕಾಲಿನಾಗ ನಮ್ಮ ಮುಂದೇ ಆತು. ಬ್ಲೇಡಿನ ಸುದ್ದಿ ಕೇಳಿ ಆ ಹೆಣ್ಮಗಳು ಅತ್ತುಬಿಟ್ಲು, "ಅವ್ವಾ, ನನಗ ಹೇಳಬಾರದಿತ್ತೇನು" ಅಂದ್ಲು. ವರ್ಷ ಪೂರ್ತಿ ತರಿಸೋದು ಯಾರಿಗೂ ಸುಲಭ ಇಲ್ಲ. ಅದಕ್ಕ ಮೇಡಂ ಒಂದು ದಾರಿ ಹೇಳ್ಯಾರ: ಉರಿಯೂತ ತಗ್ಗಿದ ಮ್ಯಾಲ ಕೆಳಗಿನ ರೆಪ್ಪಿಯ ಕಣ್ಣೀರಿನ ತೂತಿಗೆ ಸಿಲಿಕಾನ್ ಪ್ಲಗ್ ಹಾಕೋದು, ಹರಿದುಹೋಗೋ ಅಷ್ಟಿಷ್ಟು ಕಣ್ಣೀರು ಅಲ್ಲೇ ನಿಲ್ತೈತಿ. ಅದು ಹಿಡಿಸಿದ್ರ ಕಡ್ಡಿ ಬ್ಯಾಸಗಿ ನಾಕು ತಿಂಗಳಿಗೆ ಮಾತ್ರ ಸಾಕಾಗಬಹುದು. ಬಲಗಣ್ಣಿಗೆ ಈಗ ಡ್ರಾಪ್ಸ್ ಅಷ್ಟೇ ನಡೆದೈತಿ, ಕಡ್ಡಿ ಎಡಗಣ್ಣಿಗೆ ಒಂದೇ, ಹಂಗಾಗಿ ಒಂದು ಪ್ಯಾಕ್ ಎರಡು ತಿಂಗಳು ಬರ್ತೈತಿ, ಯಾವುದನ್ನೂ ಕತ್ತರಿಸದೇ. ಇದನ್ನ ಹೇಳಿದಾಗ ಟೀಚರಮ್ಮನ ಮಾರಿ ಮ್ಯಾಲ ಬಂದ ನೆಮ್ಮದಿ ಯಾವ ಟೆಸ್ಟಿನಾಗೂ ಅಳಿಯಾಕ ಬರಂಗಿಲ್ಲ.

ಕಾರಹುಣ್ಣಿಮಿ ಮುಂದ ಬಂದಾಗ ಚೀಲದಾಗ ಒಂದು ಕೌದಿ ತಂದಿದ್ರು, ಮೊಮ್ಮಗನಿಗಂತ ಹೊಲಿಯೋದು, ಎರಡು ವರ್ಷದ ಹಿಂದ ಶುರು ಮಾಡಿ ಕಣ್ಣಿನ ಸಲುವಾಗಿ ಮಡಚಿ ಇಟ್ಟದ್ದು. ಸೂಜಿ ಕಡಿ ನೆಟ್ಟ ನೋಟ ನೋಡೋವಾಗ ರೆಪ್ಪಿ ಮಿಟುಕೋದು ಕಡಿಮಿ ಆಗ್ತೈತಿ, ಹತ್ತು ನಿಮಿಷಕ್ಕೊಮ್ಮೆ ಸೂಜಿ ಇಟ್ಟು ಕಣ್ಣು ಮುಚ್ಚಿ ಕುಂದ್ರ್ರಿ ಅಂತ ಹೇಳಿದ್ದೆ, ಹಂಗೇ ಮಾಡ್ತಾರಂತ. ಟೇಬಲ್ ಮ್ಯಾಲ ಹರವಿ ತೋರ್ಸಿದ್ರು. ಮುಂಜಾನೆ ಎಂಟರಿಂದ ಹತ್ತರ ತನಕ ಹಾಕಿದ ಹೊಲಿಗಿ ಒಂದೇ ಗೆರಿ ಹಿಡಿದಂಗ, ಮಂಜು ಬರೋ ಹೊತ್ತಿನಾಗ ಹಾಕಿದ್ದು ಸ್ವಲ್ಪ ವಾರಿ. "ಇವನ್ನ ಬಿಚ್ಚಿ ಹಾಕ್ತೀನಿ ಯಪ್ಪಾ, ನಾಳೆ ಮುಂಜಾನೆ" ಅಂದ್ರು.